ಅಷ್ಟಮಿಯ ಕುಕೀಸ್

ಬೇರೆಯವರಿಗೆ ಕುಕೀಸ್ ಬೇಯುವ ವಾಸನೆ ಬಂದರೆ ಬಾಯಲ್ಲಿ ನೀರೂರುತ್ತದಂತೆ. ನನಗೆ ಮೈ ಉರಿಯುತ್ತದೆ. ವಾಶಿಯ ಮಾಲಿನಲ್ಲಿ ಕುಕೀಸ್ ಮಾರುವ ಗಾಜಿನ ಅಂಗಡಿಯೊಂದಿದೆ. ಅದರ ಮುಂದೆ ಜನ ಮೂಗರಳಿಸಿ ನಿಂತಿರುತ್ತಾರೆ. ನಾನು ದುಪಟ್ಟಾದಿಂದ ಮೂಗು ಮುಚ್ಚಿಕೊಂಡು ದಾಟುತ್ತೇನೆ. ಮಗಳು ದೀಕ್ಷಾಳಿಗೆ ನಾಚಿಕೆ. “ಮಮ್ಮಿ, ಲೋಗ್ ಕ್ಯಾ ಸೋಚೇಂಗೇ” ಅನ್ನುತ್ತಾಳೆ. ಲೋಗ್ ಏನು ಯೋಚಿಸುತ್ತಾರೆ ಅನ್ನುವುದು ನನಗೆ ಚೆನ್ನಾಗಿ ಗೊತ್ತು. ಒಂದು ಮಳೆಗಾಲವಿಡೀ ಅದನ್ನೇ ಕಲಿತವಳು ನಾನು.

ಹೋದ ಶ್ರಾವಣದಲ್ಲಿ ಡೊಂಬಿವಲಿಗೆ ಹೋಗಬೇಕಾಗಿ ಬಂತು. ದೀಕ್ಷಾಳ ಹಳೆಯ ಟೀಚರೊಬ್ಬರು ಜಾರಿ ಬಿದ್ದು ಕಾಲು ಮುರಿದುಕೊಂಡಿದ್ದರು, ನೋಡಿ ಬರೋಣವೆಂದು ಒಬ್ಬಳೇ ಹೋಗಿದ್ದೆ. ನೋಡಿಯಾಯಿತು, ಚಹಾ ಕುಡಿದಾಯಿತು, ಸ್ಟೇಷನ್ನಿನ ಕಡೆ ಹೊರಟೆ. ಮಳೆಗೂ ನನ್ನ ಮೇಲೆ ಹಗೆ ಇರಬೇಕು, ಸರಿಯಾಗಿ ನಮ್ಮ ಹಳೆಯ ಕಟ್ಟಡದ ಗೇಟಿನ ಮುಂದೆ ಬಂದಾಗ ಧೋ ಎಂದು ಸುರಿಯಿತು. ಛತ್ರಿ ಗಾಳಿಗೆ ಮಗುಚಿಕೊಂಡಿತು. ಆ ಗೇಟಿನೊಳಗೆ ಇನ್ನು ಕಾಲಿಡುವುದಿಲ್ಲವೆಂದು ಆಣೆ ಹಾಕಿಕೊಂಡಿದ್ದೆ. ಆದರೆ ನೆನೆದು ಜ್ವರ ಬಂದರೆ ಆಣೆ ಬಂದು ಕಷಾಯ ಮಾಡಿಕೊಡುತ್ತದೆಯೇ? ಒಳಗೆ ಹೋಗಿ ಮೆಟ್ಟಿಲ ಬುಡದಲ್ಲಿ ನಿಂತೆ.

ಆಗ ಎರಡನೇ ಮಹಡಿಯಿಂದ ಆ ವಾಸನೆ ಇಳಿದು ಬಂತು. ಬೆಣ್ಣೆ, ಬೆಲ್ಲ, ಕರಗಿದ ಚಾಕೊಲೇಟು. ಅಷ್ಟೇ ಆಗಿದ್ದರೆ ಯಾರ ಮನೆಯದೋ ಏನೋ ಎಂದು ಸುಮ್ಮನಿರುತ್ತಿದ್ದೆ. ಅದರೊಳಗೆ ಸಣ್ಣಗೆ ಏಲಕ್ಕಿ ಬಾಳೆಹಣ್ಣಿನ ವಾಸನೆಯೂ ಇತ್ತು. ಚಾಕೊಲೇಟ್ ಚಿಪ್ ಕುಕೀಸಿಗೆ ಬಾಳೆಹಣ್ಣು ಹಿಸುಕಿ ಹಾಕುವ ಹುಚ್ಚಿ ಆ ಕಟ್ಟಡದಲ್ಲಿ ಒಬ್ಬಳೇ ಇದ್ದಳು, ಅದು ನಾನು. ನಾನು ಬಿಟ್ಟು ಹೋದ ಮೇಲೂ ನನ್ನ ವಾಸನೆ ಅಲ್ಲಿ ಬಾಡಿಗೆಗಿತ್ತು.

ನಾವು ಕಾಪು ಕಡೆಯವರು, ಮೀನು ತಿನ್ನುವ ಜನ. ನನ್ನ ಗಂಡ ಸದಾನಂದರಿಗೆ ತುರ್ಭೆಯ ಕಾರ್ಖಾನೆಯೊಂದರಲ್ಲಿ ಸ್ಟೋರ್ ಕೀಪರ್ ಕೆಲಸ. ದಿನಾ ಠಾಣೆ ರೈಲು ನಿಲ್ದಾಣದಲ್ಲಿ ಗಾಡಿ ಬದಲಿಸಿ ಹೋಗಿಬರುವ ಕಷ್ಟವಿದ್ದರೂ ಡೊಂಬಿವಲಿಯಲ್ಲಿ ಮನೆ ಹಿಡಿದದ್ದು ದೀಕ್ಷಾಳ ಶಾಲೆಗಾಗಿ. ಶಾಲೆ ನಮ್ಮ ಗಲ್ಲಿಯ ತುದಿಯಲ್ಲೇ ಇತ್ತು, ಆ ವರ್ಷ ಅವಳು ಹತ್ತನೆಯಲ್ಲಿದ್ದಳು. ಕಟ್ಟಡ ಪೂರ್ತಿ ಸಸ್ಯಾಹಾರಿಗಳದು. ಬಾಡಿಗೆಯವರು ಮನೆಯಲ್ಲಿ ಮೀನು, ಮಾಂಸ, ಮೊಟ್ಟೆ ಮಾಡುವುದಿಲ್ಲವೆಂದು ಮಾತು ಕೊಡಬೇಕು. ಕರಾರು ಹನ್ನೊಂದು ತಿಂಗಳದು, ದೀಪಾವಳಿಗೆ ಮುಗಿಯುತ್ತಿತ್ತು. ಮುಂದುವರಿಸಲು ಸೊಸೈಟಿ, ಅಂದರೆ ಕಟ್ಟಡದ ಮನೆಯವರ ಸಂಘ, ಹೂಂ ಅನ್ನಬೇಕು. ಅನ್ನದಿದ್ದರೆ ಬೋರ್ಡ್ ಪರೀಕ್ಷೆಯ ಮುಖಕ್ಕೇ ಗಂಟುಮೂಟೆ ಕಟ್ಟಬೇಕು. ನಮಗೆ ಬೇಕಾಗಿದ್ದದ್ದು ಮಾರ್ಚ್ ತನಕ ಆ ಸೂರು, ಅಷ್ಟೇ.

ಮಾತು ಕೊಟ್ಟಿದ್ದೆ, ಉಳಿಸಿಕೊಂಡೆ. ಆ ಮನೆಯೊಳಗೆ ಒಂದೇ ಒಂದು ಮೊಟ್ಟೆ ತಂದವಳಲ್ಲ. ಭಾನುವಾರ ಕಲ್ಯಾಣದಲ್ಲಿರುವ ಅಣ್ಣನ ಮನೆಗೆ ಹೋಗಿ ಬಂಗುಡೆ ಸಾರು ಉಂಡು, ಅಲ್ಲೇ ಬಾಯಿ ತೊಳೆದು, ಕೈಗೆ ಲಿಂಬೆ ತಿಕ್ಕಿ, ಬಡೆಸೋಪು ಜಗಿಯುತ್ತ ಗಾಡಿ ಹತ್ತುತ್ತಿದ್ದೆವು. ಲಿಫ್ಟಿನಲ್ಲಿ ಯಾರಾದರೂ ಸಿಕ್ಕಿದರೆ ಸದಾನಂದರು ಉಸಿರು ಬಿಗಿಹಿಡಿಯುತ್ತಿದ್ದರು. “ತಿಂದದ್ದು ಹೊಟ್ಟೆಯಲ್ಲಿ ಉಂಟು ಮಾರಾಯ್ರೆ, ಹಣೆಯಲ್ಲಿ ಬರ್ದಿಲ್ಲ” ಎಂದು ನಾನು ಗದರುತ್ತಿದ್ದೆ.

ಆ ಮನೆ ಸಿಕ್ಕಿದ್ದು ಎದುರು ಮನೆಯ ಇಂದಿರಕ್ಕನಿಂದ. ಉಡುಪಿ ಕಡೆಯ ಭಟ್ಟರ ಮನೆಯವರು, ನನಗಿಂತ ಇಪ್ಪತ್ತು ವರ್ಷ ಹಿರಿಯರು. ಮಗ, ಸೊಸೆ, ಆರೋಹಿ ಎನ್ನುವ ಪುಟ್ಟ ಮೊಮ್ಮಗಳು. ನನ್ನ ಅಣ್ಣ ನಡೆಸುವ ಹೋಟೆಲಿಗೆ ಅವರ ಯಜಮಾನರು ಮೊದಲು ಬರುತ್ತಿದ್ದರು, ಆ ಗುರ್ತದ ಮೇಲೆ ಇಂದಿರಕ್ಕ ಸೊಸೈಟಿಯ ಸೆಕ್ರೆಟರಿಯ ಹತ್ತಿರ “ನಮ್ಮ ಊರಿನವರೇ, ಮನೆಯಲ್ಲಿ ಎಂತದ್ದೂ ಮಾಡುದಿಲ್ಲ” ಎಂದು ಹೇಳಿದ್ದರು. ನಮ್ಮಿಬ್ಬರ ಮನೆಮಾತೂ ತುಳು. ಆದರೆ ಅವರ ತುಳು ಬೇರೆ, ನಮ್ಮದು ಬೇರೆ. ನಾನು ಬಾಯಿ ಬಿಟ್ಟ ಕೂಡಲೇ ಅವರು ಮೆಲ್ಲ ಕನ್ನಡಕ್ಕೆ ಬದಲಾಯಿಸುತ್ತಿದ್ದರು. ನನ್ನ ಮನೆಯ ಹೊಸ್ತಿಲವರೆಗೆ ಬರುತ್ತಿದ್ದರು, ಒಳಗೆ ಒಂದು ಹೆಜ್ಜೆ ಇಟ್ಟವರಲ್ಲ. ನೀರೂ ಕುಡಿದವರಲ್ಲ. ನಾನು ಬೇಸರ ಮಾಡಿಕೊಳ್ಳುತ್ತಿರಲಿಲ್ಲ. ಹಿರಿಯರು, ಅವರ ಕ್ರಮ ಅವರಿಗೆ ಅಂದುಕೊಂಡಿದ್ದೆ. ಎಂಥ ಪೆದ್ದಿ ನೋಡಿ ನಾನು!

ಕುಕೀಸ್ ಶುರುವಾದದ್ದು ದೀಕ್ಷಾಳಿಂದ. ವಾಶಿಯ ಮಾಲಿನಲ್ಲಿ ಒಂದು ತಿಂದವಳಿಗೆ ಅದೇ ಜಪ. ಅಣ್ಣನ ಮನೆಯಲ್ಲಿ ಯಾರೂ ಮುಟ್ಟದ ಓವನ್ ಒಂದು ಧೂಳು ತಿನ್ನುತ್ತಿತ್ತು, ಅದನ್ನು ರಿಕ್ಷಾದಲ್ಲಿ ಹೊತ್ತು ತಂದೆ. ಮೊಟ್ಟೆ ಹಾಕುವಂತಿಲ್ಲವಲ್ಲ, ಮೊದಲ ಸಲ ಮಾಡಿದ್ದು ಕಲ್ಲು. “ಮಮ್ಮಿ, ಇಸ್ಸೇ ತೋ ದೀವಾರ್ ಬನೇಗೀ” ಎಂದಳು ಮಗಳು, ಇದರಲ್ಲಿ ಗೋಡೆಯನ್ನೇ ಕಟ್ಟಬಹುದು ಅಂತ. ಎರಡನೆಯ ಸಲ ಪುಡಿ. ಮೂರನೆಯ ಸಲ ತಲೆ ಕೆಟ್ಟು ಹೋಗಿ ನನ್ನ ಅಮ್ಮ ಬಾಳೆಹಣ್ಣಿನ ಬನ್ಸಿಗೆ ಮಾಡುತ್ತಿದ್ದುದನ್ನೇ ಇದಕ್ಕೂ ಮಾಡಿದೆ: ಕಳಿತ ಏಲಕ್ಕಿ ಬಾಳೆ ಅರ್ಧ, ಹುಳಿ ಮೊಸರು ಒಂದು ಚಮಚ, ಸಕ್ಕರೆಯ ಜೊತೆ ಅಷ್ಟೇ ಬೆಲ್ಲದ ಪುಡಿ. ಹಿಟ್ಟನ್ನು ಫ್ರಿಜ್ಜಿನಲ್ಲಿ ಗಟ್ಟಿಯಾಗಲು ಬಿಟ್ಟೆ. ಮತ್ತೊಂದು ಗುಟ್ಟು ತಾನಾಗಿ ಸಿಕ್ಕಿತು. ಕರೆಂಟು ಹೋಗಿ, ನಡುವೆ ಇನ್ನೂ ಹಸಿಹಸಿ ಕಾಣುವಾಗಲೇ ತಟ್ಟೆ ಹೊರಗೆ ತೆಗೆದಿದ್ದೆ. ಬಿಸಿ ತಟ್ಟೆಯ ಮೇಲೆ ಹಾಗೇ ಬಿಟ್ಟರೆ ಉಳಿದದ್ದು ತಾನೇ ಬೇಯುತ್ತದೆ. ಅಂಚು ಗರಿ, ನಡು ಮೆತ್ತಗೆ. ದೀಕ್ಷಾ ಒಂದು ತಿಂದು ಎರಡನೆಯದಕ್ಕೆ ಕೈ ಹಾಕಿದಳು.

ಆ ಮಳೆಗಾಲ ಕೆಟ್ಟದಾಗಿತ್ತು. ಗೋಡೆಗಳು ಬೆವರುತ್ತಿದ್ದವು, ಒಗೆದ ಬಟ್ಟೆಯಿಂದ ನಾಯಿಯ ವಾಸನೆ ಬರುತ್ತಿತ್ತು, ಠಾಣೆಯ ಹಳಿಗಳ ಮೇಲೆ ನೀರು ನಿಂತ ದಿನ ಸದಾನಂದರು ಎಷ್ಟು ಹೊತ್ತಿಗೆ ಮನೆ ಮುಟ್ಟುತ್ತಾರೋ ದೇವರಿಗೇ ಗೊತ್ತು. ಎಲ್ಲರ ಕಿಟಕಿಯೂ ಮುಚ್ಚಿರುತ್ತಿದ್ದರಿಂದ ನಮ್ಮ ಓವನ್ನಿನ ಘಮ ಮೆಟ್ಟಿಲ ಮೇಲೇ ಸುತ್ತುತ್ತಿತ್ತು. ಆರೋಹಿ ಆ ಘಮದ ಹಿಂದೆ ಬಂದು ನಮ್ಮ ಬಾಗಿಲು ಬಡಿಯುತ್ತಿದ್ದಳು. ಅಜ್ಜಿಗೆ ಗೊತ್ತಾಗದ ಹಾಗೆ ಪ್ಯಾಸೇಜಿನಲ್ಲೇ ನಿಂತು ತಿಂದು, ಬಾಯಿ ಒರೆಸಿಕೊಂಡು ಹೋಗುತ್ತಿದ್ದಳು. ಅಷ್ಟು ಸಣ್ಣ ಮಗುವಿಗೂ ನಾವು ಬಾಯಿ ಒರೆಸಿಕೊಳ್ಳುವುದನ್ನು ಕಲಿಸಿದ್ದೆವು.

ಅಷ್ಟಮಿ ಹತ್ತಿರ ಬಂತು. ಇಂದಿರಕ್ಕನ ಮನೆಯಲ್ಲಿ ಕೃಷ್ಣಾಷ್ಟಮಿ ಅಂದರೆ ಸಣ್ಣದಲ್ಲ. ಬಗೆಬಗೆಯ ಉಂಡೆ, ಚಕ್ಕುಲಿ, ಕೋಡುಬಳೆ. ಚಂದ್ರೋದಯಕ್ಕೆ ಅರ್ಘ್ಯ ಕೊಟ್ಟು, ಮಾರನೆಯ ದಿನ ಇಡೀ ಕಟ್ಟಡಕ್ಕೆ ಪ್ರಸಾದ ಹಂಚುವುದು. ಆ ಸಲ ಆರೋಹಿ ಹಟ ಹಿಡಿದು ಕೂತಳು: ಕಾನ್ಹಾನಿಗೆ ಚಾಕೊಲೇಟ್ ಚಿಪ್ ಕುಕೀಸೇ ಆಗಬೇಕು, ಇಲ್ಲದಿದ್ದರೆ ತಾನು ಏನೂ ತಿನ್ನುವುದಿಲ್ಲ. ಮಗು ನಿಜವಾಗಿಯೂ ಊಟ ಬಿಟ್ಟಿತು. ಅಷ್ಟಮಿಯ ಬೆಳಿಗ್ಗೆ ಇಂದಿರಕ್ಕ ನಮ್ಮ ಹೊಸ್ತಿಲಿನ ಆಚೆ ನಿಂತು, ಸೀರೆಯ ಅಂಚು ನೋಡುತ್ತ ಕೇಳಿದರು.

“ವಾರಿಜಾ, ನಿನ್ನದ್ದು ಅದು ಉಂಟಲ್ಲ, ಆ ಬಿಸ್ಕೂಟು. ದೇವರಿಗೆ ಆಗ್ಬಹುದಾ?”

“ಮೊಟ್ಟೆ ಇಲ್ಲ ಅಕ್ಕ. ಬೆಣ್ಣೆ, ಮೊಸರು, ಬಾಳೆಹಣ್ಣು. ಕೃಷ್ಣನಿಗೆ ಇದಕ್ಕಿಂತ ಇನ್ನೆಂತ ಬೇಕು?”

“ಅದು ಸರಿ ಮಾರಾಯ್ತಿ. ಆದ್ರೆ ಇಲ್ಲಿ ಮಾಡಿದ್ದು ನೈವೇದ್ಯಕ್ಕೆ ಆಗುದಿಲ್ಲ. ನೀನು ನಮ್ಮಲ್ಲಿಗೆ ಬಂದು ಮಾಡ್ತೀಯಾ? ಸ್ನಾನ ಮಾಡಿ ಬಾ, ಆಯ್ತಾ?”

ಇಲ್ಲಿ ಮಾಡಿದ್ದು ಆಗುವುದಿಲ್ಲ, ಇಲ್ಲಿನ ಕೈಗಳು ಆಗುತ್ತವೆ! ಈಗ ಇದನ್ನು ಬರೆಯುವಾಗ ರಕ್ತ ಕುದಿಯುತ್ತದೆ. ಆಗ ಕುದಿಯಲಿಲ್ಲ, ಅದೇ ನನಗೆ ಇನ್ನೂ ಸಿಟ್ಟು. ಆಗ ನನಗೆ ಹೆಮ್ಮೆಯಾಗಿತ್ತು. ನನ್ನ ಅಮ್ಮ ಅಂಥ ಮನೆಗಳ ಹಿತ್ತಿಲಲ್ಲಿ ನಿಂತು ಬಾಳೆ ಎಲೆ ಕೊಟ್ಟು ಬರುತ್ತಿದ್ದವಳು, ಅಡುಗೆಮನೆಯ ಬಾಗಿಲು ಕೂಡ ಕಂಡವಳಲ್ಲ. ಅವಳ ಮಗಳು ಮಾಡಿದ್ದು ಭಟ್ಟರ ಮನೆಯ ದೇವರಿಗೆ! ತಲೆಗೆ ಸ್ನಾನ ಮಾಡಿ, ಒಗೆದ ಸೀರೆ ಉಟ್ಟು, ಓವನ್ನು ಹೊತ್ತುಕೊಂಡು ಪ್ಯಾಸೇಜು ದಾಟಿದೆ. ಅವರ ಮಗ, ಸೊಸೆ ಕೆಲಸಕ್ಕೆ, ಆರೋಹಿ ಶಾಲೆಗೆ ಹೋಗಿದ್ದರು.

ಇಂದಿರಕ್ಕ ಓವನ್ನಿಗೂ ಸ್ನಾನ ಮಾಡಿಸುತ್ತಿದ್ದರೋ ಏನೋ, ಶಾಕ್ ಹೊಡೆದೀತು ಎಂದು ನಾನೇ ತಡೆದೆ. ಒದ್ದೆ ಬಟ್ಟೆಯಿಂದ ಮೂರು ಸಲ ಒರೆಸಿದರು. ಅದರ ತಟ್ಟೆ ನಮ್ಮದು ಬೇಡವೆಂದು ಹೊಸತು ತರಿಸಿದ್ದರು. ಚಾಕೊಲೇಟ್ ಪ್ಯಾಕೆಟ್ಟನ್ನು ಕನ್ನಡಕ ಏರಿಸಿ ತಿರುಗಿಸಿ ತಿರುಗಿಸಿ ನೋಡಿ, ಹಸಿರು ಚುಕ್ಕೆ ಕಂಡ ಮೇಲೆ ಉಸಿರು ಬಿಟ್ಟರು. ಅವರ ಬೆಣ್ಣೆ, ಅವರ ಮೊಸರು, ಅವರ ಬಾಳೆಹಣ್ಣು. ಸ್ಟೂಲು ಎಳೆದುಕೊಂಡು ನನ್ನ ಎದುರೇ ಕೂತು, ನನ್ನ ಕೈಗಳಿಂದ ಕಣ್ಣು ತೆಗೆಯಲಿಲ್ಲ. ಒಂದೇ ಒಂದು ಸಲ ಎದ್ದದ್ದು, ತುಳಸಿ ಕೊಯ್ಯಲು ಬಾಲ್ಕನಿಗೆ. ನಾನು ತಟ್ಟೆ ಹೊರಗೆ ತೆಗೆದಾಗ ಮಾತ್ರ ಹೌಹಾರಿದರು.

“ಅಯ್ಯೋ, ನಡುವೆ ಹಸಿ ಉಂಟಲ್ಲನೇ! ಹಸಿ ಹಿಟ್ಟು ದೇವರಿಗೆ ಇಡುದಾ?”

“ಬೇಯ್ತದೆ ಅಕ್ಕ, ತಟ್ಟೆಯ ಬಿಸಿಗೆ ಬೇಯ್ತದೆ. ಮುಟ್ಬೇಡಿ.”

ನಂಬಲಿಲ್ಲ. ಆರಿದ ಮೇಲೆ ಒಂದನ್ನು ಬೆರಳಲ್ಲಿ ಒತ್ತಿ ನೋಡಿ ಸುಮ್ಮನಾದರು. ನಾನು ಓವನ್ನು ಎತ್ತಿಕೊಂಡು ಹೊರಡುವಾಗ ದೇವರ ಕೋಣೆಯ ಬಾಗಿಲಲ್ಲಿ ನಿಲ್ಲಿಸಿದರು. “ಇದು ನಮ್ಮಿಬ್ಬರಲ್ಲೇ ಇರ್ಲಿ ವಾರಿಜಾ. ಜನ ಒಂದಕ್ಕೆರಡು ಮಾತಾಡ್ತಾರೆ. ಯಾರಿಗೂ ಹೇಳುದಿಲ್ಲ ಅಂತ ಕೃಷ್ಣನ ಎದುರು ಹೇಳು.” ಹೇಳಿದೆ. ಅದಕ್ಕೂ ಹೆಮ್ಮೆಪಟ್ಟುಕೊಂಡೇ ಹೇಳಿದೆ.

ಮಾರನೆಯ ದಿನ ಕೆಳಗೆ ಹುಡುಗರು ಮೊಸರು ಕುಡಿಕೆ ಒಡೆಯುವಾಗ ಇಂದಿರಕ್ಕ ಮನೆಮನೆಗೂ ಪ್ರಸಾದ ಕೊಟ್ಟರು. ಮೇಲಿನ ಮನೆಯ ಮರಾಠಿ ಹೆಂಗಸು, ಎಲ್ಲರೂ ವಹಿನಿ, ಅಂದರೆ ಅತ್ತಿಗೆ, ಎನ್ನುತ್ತಿದ್ದವಳು, ಮೆಟ್ಟಿಲ ಮೇಲೇ ಕುಕೀ ಕಚ್ಚಿ “ಕಾಕು, ಕಾಯ್ ಹಾತ್ ಆಹೇ ತುಮ್ಚಾ!” ಎಂದಳು. ಚಿಕ್ಕಮ್ಮ, ಎಂಥ ಕೈಗುಣ ನಿಮ್ಮದು ಅಂತ. ನೀವೇ ಮಾಡಿದ್ದಾ ಎಂದು ಕೇಳಿದ್ದಕ್ಕೆ ಇಂದಿರಕ್ಕ “ಮನೆಯಲ್ಲೇ ಮಾಡಿದ್ದು” ಎಂದರು. ಬಾಗಿಲ ಸಂದಿಯಿಂದ ಕೇಳಿಸಿಕೊಂಡು ನಾನು ನಕ್ಕೆ. ಇಂದಿರಕ್ಕ ಸುಳ್ಳು ಹೇಳುವವರಲ್ಲ. ಅವರಿಗೆ ಅವರ ಸತ್ಯಗಳೇ ಸಾಕಾಗುತ್ತವೆ. ಅದು ನನಗೆ ಅರ್ಥವಾದದ್ದು ಆಮೇಲೆ.

ಗಣಪತಿ ಬಂದ. ಕೆಳಗೆ ಸೊಸೈಟಿಯ ಮಂಟಪ, ಒಂದು ಸಂಜೆ ಮಕ್ಕಳಿಗೆ ಚಿತ್ರ ಬಿಡಿಸುವ ಸ್ಪರ್ಧೆ. ಪ್ರತಿ ಮನೆಯಿಂದಲೂ ಮಕ್ಕಳಿಗೆ ಏನಾದರೂ ತಿಂಡಿ ತರಬೇಕೆಂದು ಹೇಳಿದ್ದರು. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ? ನಾನೂ ಒಂದು ಡಬ್ಬಿ ಕುಕೀಸ್ ಮಾಡಿ ಮಂಟಪದ ಮೇಜಿನ ಮೇಲಿಟ್ಟೆ. ಮಕ್ಕಳು ಮುತ್ತಿಕೊಂಡವು. ಮೇಲಿನ ವಹಿನಿ ಒಂದನ್ನು ಎತ್ತಿಕೊಂಡಳು, ಬೆರಳಲ್ಲಿ ಒತ್ತಿದಳು, ಮೂಗಿಗೆ ಹಿಡಿದಳು. ಅವಳೂ ತನ್ನ ಮನೆಯಲ್ಲಿ ಆ ವಾರವೇ ಕುಕೀಸ್ ಮಾಡಲು ಹೋಗಿ ಕಲ್ಲು ಮಾಡಿಕೊಂಡಿದ್ದಳಂತೆ.

“ಅಂಡ್ಯಾಶಿವಾಯ್ ಇತಕೇ ಮವೂ ಹೋಣಾರಚ್ ನಾಹೀ!” ಎಂದು ಎಲ್ಲರಿಗೂ ಕೇಳುವಂತೆ ಕೂಗಿದಳು. ಮೊಟ್ಟೆ ಇಲ್ಲದೆ ಇಷ್ಟು ಮೆತ್ತಗೆ ಆಗುವುದೇ ಇಲ್ಲ.

ಅಷ್ಟೇ ಸಾಕಾಯಿತು. ತಾಯಂದಿರು ಮಕ್ಕಳ ಬಾಯಿಗೆ ಬೆರಳು ಹಾಕಿ ಉಗುಳಿಸಿದರು. ಗಣಪತಿಯ ಎದುರು ಮೊಟ್ಟೆ! ಯಾರೋ ನನ್ನ ಡಬ್ಬಿಯನ್ನು ಕಾಗದದಲ್ಲಿ ಹಿಡಿದು, ಸತ್ತ ಇಲಿಯನ್ನು ಎತ್ತಿದ ಹಾಗೆ ಎತ್ತಿ, ಗೇಟಿನ ಹೊರಗೆ ಇಟ್ಟುಬಂದರು. ನಾನು ಕಿರುಚಿದೆ. ಮರಾಠಿಯಲ್ಲಿ, ಹಿಂದಿಯಲ್ಲಿ, ಕೊನೆಗೆ ತುಳುವಿನಲ್ಲಿ. ಇದೇ ಮೆತ್ತಗಿನ ಕುಕೀಸನ್ನು ಅಷ್ಟಮಿಗೆ ಚಪ್ಪರಿಸಿದವಳು ಇದೇ ವಹಿನಿ. ಭಟ್ಟರ ಮನೆಯಿಂದ ಬಂದರೆ ಮೆತ್ತಗಿದ್ದದ್ದು ಕೈಗುಣ. ನನ್ನ ಮನೆಯಿಂದ ಬಂದರೆ ಮೊಟ್ಟೆ. ದೀಕ್ಷಾ ಬಣ್ಣದ ಪೆನ್ಸಿಲ್ ಬಿಟ್ಟು ಮೇಲೆ ಓಡಿದಳು. ಅವಳ ಚಿತ್ರ ಅರ್ಧವೇ ಉಳಿಯಿತು.

ಮಾರನೆಯ ದಿನ ವಹಿನಿಯೂ ಸೆಕ್ರೆಟರಿಯ ಹೆಂಡತಿಯೂ ನಮ್ಮ ಅಡುಗೆಮನೆ ನೋಡಲು ಬಂದರು. ನೋಡಲಿ ಎಂದು ಬಾಗಿಲು ತೆರೆದೆ. ಫ್ರಿಜ್ಜು ತೆರೆದು ಮೊಸರಿನ ಪಾತ್ರೆಯ ಹಿಂದೆ ಇಣುಕಿದರು. ಓವನ್ನಿಗೆ ಮೂಗು ಇಟ್ಟರು. ಕಸದ ಬುಟ್ಟಿಯನ್ನೂ ಬಿಡಲಿಲ್ಲ. ಏನೂ ಸಿಗಲಿಲ್ಲ. “ಎಷ್ಟು ಚೆನ್ನಾಗಿ ತೊಳೆದಿದ್ದಾರೆ ನೋಡಿ” ಎಂದಳು ವಹಿನಿ, ಇನ್ನೊಬ್ಬಳಿಗೆ. ಚೊಕ್ಕವಾಗಿದ್ದರೂ ತಪ್ಪು! ಆ ಹೊತ್ತಿಗೆ ನನ್ನ ಕೈಯಲ್ಲಿ ಲಟ್ಟಣಿಗೆ ಇತ್ತು. ಹೇಗೆ ಸುಮ್ಮನಿದ್ದೆನೋ ನನಗೇ ಗೊತ್ತಿಲ್ಲ.

ಗಣಪತಿ ಮುಳುಗಿದ ಮೇಲೆ ಮೀಟಿಂಗ್ ಕರೆದರು. ಕೆಳಗಿನ ಪಾರ್ಕಿಂಗಿನಲ್ಲಿ ಪ್ಲಾಸ್ಟಿಕ್ ಕುರ್ಚಿಗಳು, ಹೊರಗೆ ಮಳೆ. ಠಾಣೆಯಲ್ಲಿ ವಾಸವಿದ್ದ ಮನೆ ಮಾಲೀಕ ಬರಲಿಲ್ಲ. ಸೊಸೈಟಿ ಹೇಳಿದ ಹಾಗೆ ಎಂದು ಫೋನಿನಲ್ಲೇ ಕೈತೊಳೆದುಕೊಂಡಿದ್ದ. ಸದಾನಂದರು ಶಾಲೆಯಲ್ಲಿ ಬೈಸಿಕೊಳ್ಳುವ ಹುಡುಗನ ಹಾಗೆ ತಲೆ ತಗ್ಗಿಸಿ ಕೂತಿದ್ದರು. ನನಗೆ ಭಯವಿರಲಿಲ್ಲ. ನನ್ನ ಎದುರಿನ ಸಾಲಿನಲ್ಲಿ ಇಂದಿರಕ್ಕ ಇದ್ದರು. ನನ್ನ ಪ್ರತಿಯೊಂದು ಚಮಚವನ್ನೂ ಕಣ್ಣಾರೆ ಕಂಡವರು.

ಕೇಳಿದ್ದೂ ಸೆಕ್ರೆಟರಿಯೇ, ನಾನಲ್ಲ. “ಇಂದಿರಾ ಕಾಕು, ನೀವೂ ಅಷ್ಟಮಿಗೆ ಮಾಡಿದ್ದಿರಿ, ಅದೂ ಮೆತ್ತಗಿತ್ತು. ಮೊಟ್ಟೆ ಇಲ್ಲದೆ ಆಗುತ್ತದೆಯೋ ಇಲ್ಲವೋ, ನೀವೇ ಹೇಳಿ.” ದೇವರೇ ಬಾಗಿಲು ತೆರೆದು ಹಿಡಿದ ಹಾಗಿತ್ತು. “ಹೇಳಿ ಅಕ್ಕ” ಎಂದೆ ನಾನು, ಕನ್ನಡದಲ್ಲಿ.

ಇಂದಿರಕ್ಕ ಎದ್ದು ನಿಂತರು. ಸೆರಗು ಸರಿಮಾಡಿಕೊಂಡರು. “ನಮ್ಮ ಮನೆಯಲ್ಲಿ ಮಾಡಿದ್ದರಲ್ಲಿ ಮೊಟ್ಟೆ ಇರಲಿಲ್ಲ, ಅದು ದೇವರಾಣೆಗೂ ಸತ್ಯ” ಎಂದರು ಮರಾಠಿಯಲ್ಲಿ. “ಇವರ ಮನೆಯದ್ದು ನನಗೆ ಗೊತ್ತಿಲ್ಲ. ನಾನು ಇವರ ಅಡುಗೆಮನೆಗೆ ಕಾಲಿಟ್ಟವಳಲ್ಲ.” ಕೂತರು.

ಒಂದಕ್ಷರ ಸುಳ್ಳಿಲ್ಲ. ಬೇಕಾದರೆ ತಾಮ್ರದ ಮೇಲೆ ಕೆತ್ತಿಸಿ. ನಾನು ಬಾಯಿ ತೆರೆದೆ. ಏನು ಹೇಳಲಿ? ಕೃಷ್ಣನ ಎದುರು ಕೊಟ್ಟ ಮಾತು ಹಾಳಾಗಿ ಹೋಗಲಿ, ಮುರಿಯುತ್ತಿದ್ದೆ. ಆದರೆ ನೀವೆಲ್ಲ ತಿಂದ ಪ್ರಸಾದ ನನ್ನ ಕೈಯದು ಎಂದರೆ ಅವರೇನು ನನ್ನನ್ನು ನಂಬಿಬಿಡುತ್ತಿದ್ದರೇ? ಮೊಟ್ಟೆಯ ಪ್ರಸಾದ ತಿನ್ನಿಸಿದಳು ಎಂದು ಕೂದಲು ಹಿಡಿಯುತ್ತಿದ್ದರು. ಅದು ಇಂದಿರಕ್ಕನಿಗೂ ಗೊತ್ತಿತ್ತು. ಅತ್ತ ದರಿ, ಇತ್ತ ಪುಲಿ. ಸದಾನಂದರು ನನ್ನ ಮೊಣಕೈ ಹಿಡಿದು “ಬಿಡು ವಾರಿಜಾ, ಮಗಳ ಪರೀಕ್ಷೆ ಉಂಟು” ಎಂದರು. ಮಗಳ ಪರೀಕ್ಷೆ ಉಂಟು ಎಂದೇ ಅಲ್ಲವೇ ನಾನು ಹೊಡೆದಾಡಲು ಬಂದದ್ದು! ಕರಾರು ಮುಂದುವರಿಸುವುದು ಬೇಡವೆಂದು ಎಲ್ಲರೂ ಕೈ ಎತ್ತಿದರು. ಇಂದಿರಕ್ಕನ ಕೈ ಮೊದಲು ಮಡಿಲಲ್ಲೇ ಇತ್ತು. ಆಮೇಲೆ ಸುತ್ತಲೂ ನೋಡಿ, ಅದೂ ಎದ್ದಿತು.

ಮೆಟ್ಟಿಲು ಹತ್ತುವಾಗ ಹಿಂದಿನಿಂದ ಬಂದು ಸಮಾಧಾನ ಮಾಡಿದರು. “ಬೇಜಾರು ಮಾಡ್ಬೇಡ ಮಾರಾಯ್ತಿ. ನನ್ನ ಕಷ್ಟ ನಿಂಗೆ ಗೊತ್ತುಂಟಲ್ಲ. ನಾನು ಸುಳ್ಳು ಹೇಳಿದ್ದೇನಾ?”

“ಇಲ್ಲ ಅಕ್ಕ” ಎಂದೆ. “ನಿಮ್ಮ ಬಾಯಲ್ಲಿ ಸುಳ್ಳು ಬರುದೇ ಇಲ್ಲ.”

ದೀಪಾವಳಿಗೆ ಎಲ್ಲರೂ ಹಣತೆ ಹಚ್ಚುವಾಗ ನಾವು ಟೆಂಪೋದಲ್ಲಿ ಸಾಮಾನು ತುಂಬುತ್ತಿದ್ದೆವು. ನಡುವರ್ಷದಲ್ಲಿ, ಅವಸರದಲ್ಲಿ, ಡೊಂಬಿವಲಿಯಲ್ಲಿ ನಮಗೆ ಬೇರೆ ಮನೆ ಸಿಗಲಿಲ್ಲ. ಮೊಟ್ಟೆಯ ಸುದ್ದಿ ನಮಗಿಂತ ಮೊದಲೇ ದಲ್ಲಾಳಿಗಳ ಕಿವಿ ಮುಟ್ಟಿತ್ತು. ತುರ್ಭೆಯಲ್ಲಿ, ಕಾರ್ಖಾನೆಯ ಹಿಂದಿನ ಚಾಳಿನಲ್ಲಿ ಒಂದೂವರೆ ಕೋಣೆ ಸಿಕ್ಕಿತು. ಪಕ್ಕದಲ್ಲಿ ಕಲಬುರಗಿ, ವಿಜಯಪುರದ ಕಡೆಯವರು, ಮಾರ್ಕೆಟ್ಟಿನಲ್ಲಿ ಚೀಲ ಹೊರುವವರು. ಐದು ನಿಮಿಷ ನಡೆದು ಶಾಲೆಗೆ ಹೋಗುತ್ತಿದ್ದ ಹುಡುಗಿ ನಸುಕಿನಲ್ಲೆದ್ದು ಠಾಣೆಯಲ್ಲಿ ಗಾಡಿ ಬದಲಿಸಿ, ಲೇಡೀಸ್ ಡಬ್ಬಿಯ ಬಾಗಿಲಲ್ಲಿ ಒಂದು ಕೈಯಲ್ಲಿ ಕಂಬ, ಒಂದು ಕೈಯಲ್ಲಿ ಪುಸ್ತಕ ಹಿಡಿದು ಹೋದಳು. ಗಣಿತದ ಪರೀಕ್ಷೆಯ ದಿನ ಗಾಡಿ ತಡವಾಗಿ, ಅರ್ಧ ಗಂಟೆ ಕಳೆದ ಮೇಲೆ ಹಾಲಿಗೆ ಹೊಕ್ಕಳು. ಪಾಸಾದಳು, ಸೈನ್ಸ್ ಸಿಗುವಷ್ಟು ಅಂಕ ಬರಲಿಲ್ಲ. ಅವಳೇನೂ ಅನ್ನಲಿಲ್ಲ. ಅವಳು ಏನೂ ಅನ್ನದೇ ಇದ್ದದ್ದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಅವಳನ್ನಲ್ಲ, ಅವರನ್ನು.

ತುರ್ಭೆಗೆ ಹೋದ ವಾರವೇ ಮೊಟ್ಟೆ ತಂದೆ. ಎಲ್ಲರೂ ಅಷ್ಟು ಹೇಳುತ್ತಾರಲ್ಲ, ಮೊಟ್ಟೆ ಹಾಕಿದರೆ ಹೇಗಿರುತ್ತದೆ ನೋಡಿಯೇಬಿಡೋಣವೆಂದು ಹಾಕಿ ಮಾಡಿದೆ. ಪಕ್ಕದ ಮನೆಯ ವಿಜಯಪುರದ ಗೌರಮ್ಮ ಬಾಗಿಲಲ್ಲಿ ನಿಂತು “ಏನ್ ಮಾಡಾಕತ್ತೀರಿ ಅಕ್ಕಾರ, ಇಡೀ ಚಾಳ ಘಮಘಮ ಅನ್ನಾಕತ್ತೈತಿ” ಎಂದಳು. ಒಳಗೆ ಬಂದು ಕೂತು ನಾಲ್ಕು ತಿಂದಳು, ನೀರು ಕೇಳಿ ಕುಡಿದಳು. ನನಗೆ ಆ ಕುಕೀಸ್ ಸೇರಲಿಲ್ಲ. ಬಾಳೆಹಣ್ಣಿನದ್ದೇ ಮೇಲು. ಎಂತದ್ದಕ್ಕೆ ನಮ್ಮನ್ನು ಓಡಿಸಿದರೋ ಅದಕ್ಕೆ ರುಚಿಯೂ ಇರಲಿಲ್ಲ. ಆಮೇಲೆ ಓವನ್ನು ಗೌರಮ್ಮನಿಗೇ ಕೊಟ್ಟುಬಿಟ್ಟೆ, ಅವಳು ಅದರ ಮೇಲೆ ರೊಟ್ಟಿಬುಟ್ಟಿ ಇಡುತ್ತಾಳೆ.

ಇಷ್ಟೆಲ್ಲ ಆ ಮೆಟ್ಟಿಲ ಬುಡದಲ್ಲಿ ನಿಂತಾಗ ತಲೆಯೊಳಗೆ ಗಿರಗಿರ ತಿರುಗಿತು. ಮಳೆ ಹಿಡಿದ ಹಾಗೇ ಇತ್ತು. ಅವತ್ತು ಅಷ್ಟಮಿ ಎನ್ನುವುದು ಆಗ ನೆನಪಾಯಿತು. ಕಾಲು ತಾನಾಗಿ ಮೇಲೆ ಹತ್ತಿತು. ಬೆಲ್ ಒತ್ತಿದೆ.

ಇಂದಿರಕ್ಕನೇ ತೆರೆದರು. ಕೂದಲು ಪೂರ್ತಿ ಬೆಳ್ಳಗೆ, ಹಣೆಯಲ್ಲಿ ಬೆವರು, ಕೈಗೆ ಹಿಟ್ಟು. ನನ್ನನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದರು. ಆಮೇಲೆ, ನಂಬುತ್ತೀರೋ ಇಲ್ಲವೋ, ಕೈ ಹಿಡಿದು ಒಳಗೆ ಎಳೆದುಕೊಂಡರು. ನೇರ ಅಡುಗೆಮನೆಗೆ. ಅಲ್ಲಿ ಹೊಸ ಓವನ್, ಅವರದೇ. ಕಟ್ಟೆಯ ಮೇಲೆ ಎರಡು ತಟ್ಟೆ ಕುಕೀಸ್. ಒಂದನ್ನು ಎತ್ತಿ ಕಟ್ಟೆಗೆ ಬಡಿದು ತೋರಿಸಿದರು. ಟಕ್ಕೆಂದಿತು.

“ನೋಡು. ಪ್ರತಿ ವರ್ಷ ಹೀಗೇ. ಆವತ್ತಿನಿಂದ ಇಡೀ ಸೊಸೈಟಿ ಅಷ್ಟಮಿ ಅಂದ್ರೆ ಇದನ್ನೇ ಕೇಳ್ತದೆ. ಕಾಕು, ಆ ಮೊದಲ ವರ್ಷದ ಹಾಗೆ ಯಾಕೆ ಬರುದಿಲ್ಲ ಅಂತ ಮೇಲಿನವಳು ಕೇಳುದು, ಆರೋಹಿ ಕೇಳುದು. ನೀನು ಹಾಕಿದ್ದನ್ನೇ ಹಾಕಿದ್ದೇನೆ. ಬಾಳೆಹಣ್ಣು, ಮೊಸರು, ಬೆಲ್ಲ. ಎಲ್ಲ ನಾನು ನೋಡಿದ್ದೇನಲ್ಲ!”

ನಾನು ಓವನ್ನಿನ ಗಾಜಿನೊಳಗೆ ನೋಡಿದೆ. ಮೂರನೆಯ ತಟ್ಟೆ ಕಂದುಬಣ್ಣಕ್ಕೆ ತಿರುಗಿತ್ತು. ಈಗಲೇ ತೆಗೆಯಬೇಕು. ಹಸಿ ಹಿಟ್ಟು ದೇವರಿಗೆ ಆಗದೆಂದು ಇಂದಿರಕ್ಕ ಪೂರ್ತಿ ಬೇಯಲು ಕಾಯುತ್ತಿದ್ದರು. ಅಷ್ಟೇ ತಪ್ಪು. ಹಸಿ ಕಾಣುವಾಗಲೇ ತೆಗೆಯಿರಿ ಅಕ್ಕ ಎಂದರೆ ಮುಗಿಯಿತು, ಒಂದು ವಾಕ್ಯ. ಹೇಳಲು ಬಾಯಿ ತೆರೆದೂ ಇದ್ದೆ, ನಿಜವಾಗಿ.

ಅಷ್ಟರಲ್ಲಿ ಅವರು ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ ಕೇಳಿದರು. “ಈಗ ಎಲ್ಲ ಆಗಿಹೋಯ್ತು, ಇನ್ನು ಮುಚ್ಚುಮರೆ ಎಂತಕ್ಕೆ? ನಿಜ ಹೇಳು ವಾರಿಜಾ. ಆವತ್ತು ನನ್ನ ಕಣ್ಣು ತಪ್ಪಿಸಿ ಮೊಟ್ಟೆ ಹಾಕಿದ್ದೆಯಾ?”

ನನ್ನ ಎದುರು ಸ್ಟೂಲ್ ಹಾಕಿ ಕೂತು ನೋಡಿದ ಹೆಂಗಸು. ಈ ಭೂಮಿಯ ಮೇಲೆ ನನಗಿದ್ದ ಒಬ್ಬಳೇ ಸಾಕ್ಷಿ. ಅವರೂ ಅದನ್ನೇ ನಂಬಿದ್ದರು. ಬಹುಶಃ ಆ ಮೀಟಿಂಗಿನಲ್ಲಿ ಕೈ ಎತ್ತಿದ ಹೊತ್ತಿನಿಂದಲೇ ನಂಬಲು ಶುರುಮಾಡಿದ್ದಿರಬೇಕು. ನಂಬದಿದ್ದರೆ ನಿದ್ರೆ ಹೇಗೆ ಬಂದೀತು? ದೇವರ ಕೋಣೆಯಲ್ಲಿ ಕೃಷ್ಣ ಹೂವಿನೊಳಗೆ ಮುಳುಗಿ ಕೂತಿದ್ದ. ಅವನ ಎದುರು ನಾನು ಒಂದು ಮಾತು ಕೊಟ್ಟು ಉಳಿಸಿಕೊಂಡಿದ್ದೆ, ಮನೆ ಕಳೆದುಕೊಂಡಿದ್ದೆ.

“ಹೌದಕ್ಕ” ಎಂದೆ. “ಹಾಕಿದ್ದೆ.”

ಇಂದಿರಕ್ಕನ ಕೈಯಲ್ಲಿದ್ದ ಕುಕೀ ಕೆಳಗೆ ಬಿತ್ತು. ಮುರಿಯಲೂ ಇಲ್ಲ ಅದು. “ಯಾವಾಗ?” ಎಂದರು.

“ನೀವು ತುಳಸಿ ಕೊಯ್ಲಿಕ್ಕೆ ಬಾಲ್ಕನಿಗೆ ಹೋದಾಗ. ಒಂದೇ ಅಕ್ಕ, ಸಣ್ಣದು.”

ಅವರು ಅಲ್ಲೇ ಸ್ಟೂಲಿನ ಮೇಲೆ ಕುಸಿದು, ದೇವರ ಕೋಣೆಯ ಕಡೆ ತಿರುಗಿದರು. “ಕೃಷ್ಣಾ, ಕೃಷ್ಣಾ, ನನ್ನ ಕೈಯಾರೆ…” ಎಂದು ಹಣೆ ಹಿಡಿದುಕೊಂಡರು. ಯಾರಿಗೆ ಹೇಳಿಕೊಳ್ಳುತ್ತಾರೆ? ಮಗನಿಗೆ? ಸೆಕ್ರೆಟರಿಗೆ? ಕಟ್ಟಡದ ಎಲ್ಲರಿಗೂ ಮನೆಮನೆಗೆ ಹೋಗಿ ಹಂಚಿದವರು ಅವರೇ ಅಲ್ಲವೇ. ನನಗೆ ಸಂತೋಷವಾಯಿತೇ ಎಂದು ಕೇಳಿದರೆ, ಆಯಿತು. ಅದಕ್ಕೇಕೆ ಸುಳ್ಳು ಹೇಳಲಿ?

ಛತ್ರಿ ತೆಗೆದುಕೊಂಡು ಹೊರಗೆ ಬಂದೆ. ಎದುರಿನ ನಮ್ಮ ಹಳೆಯ ಬಾಗಿಲಿಗೆ ಬೇರೆ ಬಣ್ಣ ಬಳಿದಿದ್ದರು. ಮೊದಲ ಮಹಡಿಗೆ ಇಳಿಯುವಷ್ಟರಲ್ಲಿ ಮೇಲಿನಿಂದ ಕರಟಿದ ವಾಸನೆ ಬಂತು, ಬೆಲ್ಲ ಹೊತ್ತಿ ಕಪ್ಪಾಗುವ ವಾಸನೆ. ಓವನ್ನಿನ ನೆನಪು ಅವರಿಗಿರಲಿಲ್ಲ. ನನಗಿತ್ತು. ಮಳೆ ಇನ್ನೂ ನಿಂತಿರಲಿಲ್ಲ, ನೆನೆಯುತ್ತಲೇ ಸ್ಟೇಷನ್ನಿನ ಕಡೆ ನಡೆದೆ.